ಹಸಿರು ಚೀಟಿಯ ಇಲಿಗಳು

ಔಷಧ ಕಾಲೇಜಿನ ಹಿಂಬದಿಯಲ್ಲಿ ಒಂದು ಉದ್ದನೆಯ ಕೋಣೆ. ಕಿಟಕಿಯಿಲ್ಲ, ಗೋಡೆಯಲ್ಲೊಂದು ಫ್ಯಾನು ಸದಾ ತಿರುಗುತ್ತಿರುತ್ತದೆ. ಅಲ್ಲಿ ಪರೀಕ್ಷೆಗೆಂದು ಬಿಳಿ ಇಲಿಗಳನ್ನು ಸಾಕುತ್ತಾರೆ. ಸಾಕುವವನನ್ನು ಎಲ್ಲರೂ ಇಲಿಮಾವ ಅನ್ನುತ್ತಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೊದಲು ಅದೇ ಕಾಲೇಜಿನಲ್ಲಿ ಕಸ ಗುಡಿಸುತ್ತಿದ್ದ. ಇಲಿ ಕೋಣೆಯವನು ಕಚ್ಚಿಸಿಕೊಂಡು ಕೆಲಸ ಬಿಟ್ಟಾಗ ಇವನನ್ನು ಒಳಗೆ ತಳ್ಳಿದರು. ಅದಾಗಿ ಇಪ್ಪತ್ತಾರು ವರ್ಷ. ಇವನು ಇಲಿಯನ್ನು ಬಾಲ ಹಿಡಿದು ಎತ್ತುವುದಿಲ್ಲ. ಹೊಟ್ಟೆಯಡಿಗೆ ಅಂಗೈ ಕೊಡುತ್ತಾನೆ, ಅದು ತಾನಾಗಿ ಹತ್ತಿಕೊಳ್ಳುತ್ತದೆ.

ಆ ವರ್ಷ ಸಂಶೋಧನೆಯ ಹುಡುಗಿಯೊಬ್ಬಳು ಬಂದಳು. ಬೇಲಿಯಲ್ಲಿ ಬೆಳೆಯುವ ಒಂದು ಗಿಡದ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಅದರ ಸತ್ವ ತೆಗೆದಿದ್ದಳು. ಅದು ರಕ್ತದ ಸಕ್ಕರೆ ಇಳಿಸುತ್ತದೆಯೇ ಎಂದು ನೋಡಬೇಕಿತ್ತು. ಸೂಜಿ ಹಾಕಿ ಹನ್ನೆರಡು ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸಿದಳು. ಆರಕ್ಕೆ ಬರೀ ನೀರು, ಅವು ಇರುವ ಡಬ್ಬಿಗೆ ಕೆಂಪು ಚೀಟಿ. ಇನ್ನಾರಕ್ಕೆ ಎಲೆಯ ಸತ್ವ, ಹಸಿರು ಚೀಟಿ. ಹೀಗೆ ಇಪ್ಪತ್ತೆಂಟು ದಿನ.

ಇಲಿಮಾವನ ಮನೆಯಲ್ಲೂ ಸಕ್ಕರೆ ಕಾಯಿಲೆ ಇತ್ತು, ಹೆಂಡತಿಗೆ, ಎಂಟು ವರ್ಷದಿಂದ. ಈಗ ಮಾತ್ರೆ ಸಾಲುತ್ತಿರಲಿಲ್ಲ. ಕಾಲ್ಬೆರಳಿನ ಗಾಯ ಮಾಯುತ್ತಿರಲಿಲ್ಲ. ಇನ್ಸುಲಿನ್ ಶುರು ಮಾಡಿ, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಸೂಜಿ ಅಂದರೆ ಜೀವ ಬಾಯಿಗೆ ಬರುತ್ತಿತ್ತು.

"ನಿಮ್ ಕಾಲೇಜಲ್ಲಿ ಎಲೆ ನೋಡ್ತಿದಾರೆ ಅಂದ್ರಲ್ಲ? ಅದೇನಾಗುತ್ತೋ ನೋಡಿ. ಅಲ್ಲೀವರೆಗೂ ನಾನು ಸೂಜಿ ಚುಚ್ಚಿಸ್ಕೊಳಲ್ಲ."

"ಅದು ಇಲೀಗೆ ಕಣೇ."

"ಇಪ್ಪತ್ತಾರು ವರ್ಷ ಇಲಿ ಜೊತೆ ಸಂಸಾರ ಮಾಡಿದೀರ. ನನಗಾಗಿ ಒಂದು ತಿಂಗಳು ಅವನ್ನ ಕೇಳಿ ನೋಡಿ."

ಡಬ್ಬಿಗಳ ತಳಕ್ಕೆ ಭತ್ತದ ಹೊಟ್ಟು ಹಾಸುವುದು ಇವನ ಕೆಲಸ. ಕಾಯಿಲೆಯ ಇಲಿಗಳು ನೀರು ಜಾಸ್ತಿ ಕುಡಿಯುತ್ತವೆ, ಉಚ್ಚೆಯೂ ಜಾಸ್ತಿ, ಹಾಗಾಗಿ ದಿನಾ ಬದಲಾಯಿಸಬೇಕು. ಮೊದಲಿನ ಮಿಲ್ಲು ಮುಚ್ಚಿ, ಹೊಸ ಮಿಲ್ಲಿನಿಂದ ಬಂದ ಹೊಟ್ಟಿನಲ್ಲಿ ಧೂಳು ಬಹಳ. ಹಸಿರು ಡಬ್ಬಿಯ ಇಲಿಗಳಿಗೆ ಸೀನು ಬರಬಾರದು, ಅವು ಚೆನ್ನಾಗಿರಬೇಕು ಅಂತ ಅವನಿಗೆ ಆಸೆ. ಅವುಗಳ ಹೊಟ್ಟನ್ನು ದಿನಾ ಜರಡಿ ಹಿಡಿದ. ಎಲ್ಲದಕ್ಕೂ ಜರಡಿ ಹಿಡಿಯಲು ಭುಜ ಕೇಳುತ್ತಿರಲಿಲ್ಲ. ಕೆಂಪು ಡಬ್ಬಿಗೆ ಚೀಲದಿಂದ ಹಾಗೇ ಸುರಿದ.

ರಕ್ತ ನೋಡುವ ಹಿಂದಿನ ಸಂಜೆ ಡಬ್ಬಿಗಳಿಂದ ತಿಂಡಿ ತೆಗೆದಿಡಬೇಕು. ಇಲಿಗಳು ಬೆಳಗಿನವರೆಗೆ ಉಪವಾಸ ಇರಬೇಕು. ಇಪ್ಪತ್ತೇಳನೇ ದಿನ ಸಂಜೆ ಐದಕ್ಕೆ ತೆಗೆದಿಟ್ಟ. ಬೆಳಿಗ್ಗೆ ಹುಡುಗಿ ಬಾಲದ ತುದಿ ಚುಚ್ಚಿ, ಒಂದೊಂದೇ ಹನಿ ತೆಗೆದು ಮೀಟರಿನಲ್ಲಿ ನೋಡಿದಳು. ಲೆಕ್ಕ ಹಾಕಿ ಕೂಗಿದಳು.

"ಮಾವ! ಕೆಂಪು ಮುನ್ನೂರ ನಲವತ್ತೆರಡು, ಹಸಿರು ಇನ್ನೂರ ಮೂವತ್ತೊಂದು!"

ಇಲಿಮಾವ ಹೊರಗೆ ಹೋಗಿ ಹೆಂಡತಿಗೆ ಫೋನ್ ಮಾಡಿದ. "ಇಳಿದಿದೆ" ಅಂದ. ಅವನು ಅಷ್ಟೇ ಹೇಳಿದ್ದು. ಆ ಕಡೆಯಿಂದ ಅವಳು ಅಕ್ಕಪಕ್ಕದವರಿಗೆ ಹೇಳುವುದು ಕೇಳಿಸಿತು.

ಮಧ್ಯಾಹ್ನ ಡಬ್ಬಿ ತೊಳೆಯಲು ತೆಗೆದ. ತಿಂಡಿ ಇನ್ನೂ ವಾಪಸು ಇಟ್ಟಿರಲಿಲ್ಲ. ಕೆಂಪು ಡಬ್ಬಿಯ ಮೂಲೆಯಲ್ಲಿ ಒಂದು ಇಲಿ ಹಿಂಗಾಲ ಮೇಲೆ ಕೂತು, ಎರಡು ಕೈಯಲ್ಲಿ ಏನನ್ನೋ ತಿರುಗಿಸಿ ತಿರುಗಿಸಿ ತಿನ್ನುತ್ತಿತ್ತು. ಬೆರಳು ಹಾಕಿ ಬಿಡಿಸಿದ. ಅಕ್ಕಿಯ ನುಚ್ಚು. ಹೊಟ್ಟಿನೊಳಗೆ ಕೈಯಿಟ್ಟು ಒಂದು ಹಿಡಿ ತೆಗೆದ, ಊದಿದ. ಅಂಗೈಯಲ್ಲಿ ಏಳೆಂಟು ಕಾಳು ಉಳಿದವು. ಕೆಂಪು ಡಬ್ಬಿಯವು ಒಂದು ರಾತ್ರಿಯೂ ಉಪವಾಸ ಇರಲಿಲ್ಲ, ಅದಕ್ಕೇ ಅವುಗಳ ಸಕ್ಕರೆ ಅಷ್ಟು ಮೇಲಿತ್ತು. ಹಸಿರು ಡಬ್ಬಿಯ ನುಚ್ಚು ಮಾತ್ರ ಧೂಳಿನ ಜೊತೆ ಜರಡಿಯಲ್ಲಿ ಉದುರಿಹೋಗಿತ್ತು.

ಅವತ್ತು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಹೆಂಡತಿ ನಗುತ್ತಾ ಓಡಾಡುತ್ತಿದ್ದಳು. ಅವಳ ಗಾಯಕ್ಕೆ ಬಟ್ಟೆ ಕಟ್ಟುವಾಗ ನೋಡಿದ. ಬೆರಳಿನ ಬದಿ ಕಪ್ಪಗಾಗುತ್ತಿತ್ತು.

ಬೆಳಿಗ್ಗೆ ಹುಡುಗಿಯ ಮೇಜಿನ ಮೇಲೆ ನುಚ್ಚಿನ ಪೊಟ್ಟಣ ಇಟ್ಟ, ನಡೆದದ್ದನ್ನು ಹೇಳಿದ.

"ಇಪ್ಪತ್ತೆಂಟು ದಿನ ಮಾವ! ಹಸಿರಿಗೆ ಮಾತ್ರ ಯಾಕೆ ಜರಡಿ ಹಿಡಿದ್ರಿ?"

"ನನ್ ಹೆಂಡ್ತಿಗೆ ಸಕ್ಕರೆ ಕಾಯಿಲೆ ಕಣಮ್ಮಾ."

ಅವಳು ಬೈಯಲು ಬಾಯಿ ತೆಗೆದವಳು ಕುರ್ಚಿ ಎಳೆದು ಕೂತಳು. ಆಮೇಲೆ ಪೊಟ್ಟಣ ಬಿಚ್ಚಿ ಕಾಳು ಎಣಿಸಿದಳು. "ಇನ್ನೊಂದು ವಾರ ಸತ್ವ ಕೊಡೋಣ. ಎಲ್ಲಾ ಡಬ್ಬಿಗೂ ಒಂದೇ ಹೊಟ್ಟು ಹಾಕಿ. ಜರಡಿ ನಾನೂ ಹಿಡೀತೀನಿ" ಅಂದಳು.

ಅಂದು ಸಂಜೆ ಹೆಂಡತಿಗೂ ಹೇಳಿದ. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

"ನಾಳೆ ಡಾಕ್ಟ್ರ ಹತ್ರ ಹೋಗೋಣ" ಅಂದ.

"ಒಂದು ವಾರ ಅಂದ್ರಲ್ಲ. ಇಷ್ಟು ದಿನ ಕಾದಿದೀನಿ."

"ಗಾಯ ಕಾಯಲ್ಲ ಕಣೇ."

"ಅದರ ಹತ್ರಾನೂ ಮಾತಾಡಿದ್ರಾ?"

ಅವಳ ಹಟ ಅವನಿಗೆ ಗೊತ್ತು. ವಾರಪೂರ್ತಿ ಬಟ್ಟೆ ಕಟ್ಟಿದ, ದಿನಾ ಕೇಳಿದ, ದಿನಾ ಬೈಸಿಕೊಂಡ.

ಎಂಟನೇ ದಿನ ಹುಡುಗಿ ಲೆಕ್ಕ ಮುಗಿಸಿ ಪೆನ್ನು ಕೆಳಗಿಟ್ಟಳು. ಹಸಿರು ಇನ್ನೂರ ಇಪ್ಪತ್ತೆಂಟು. ಕೆಂಪು ಇನ್ನೂರ ಮೂವತ್ತೊಂಬತ್ತು.

"ಹನ್ನೊಂದು ಇಳಿದಿದೆಯಲ್ಲಮ್ಮಾ?"

"ಅದನ್ನ ಇಳಿಯೋದು ಅನ್ನಲ್ಲ ಮಾವ. ಅದೇ ಇಲೀನ ನಾಳೆ ನೋಡಿದ್ರೂ ಇಷ್ಟು ಆಚೀಚೆ ಬರುತ್ತೆ."

ಅವನು ತಿಂಡಿಯನ್ನು ಡಬ್ಬಿಗಳಿಗೆ ವಾಪಸು ಇಟ್ಟ. ಅರ್ಧ ದಿನ ರಜೆ ಕೇಳಿ ಮನೆಗೆ ಹೋದ. ಹೆಂಡತಿ ಅವನ ಮುಖ ನೋಡಿದಳು, ಸೀರೆ ಬದಲಾಯಿಸಿ ಬಂದಳು.

ಡಾಕ್ಟರು ಕಾಲು ನೋಡಿ ಗದರಿದರು. "ಬೆರಳು ಉಳಿದಿರೋದೇ ಹೆಚ್ಚು. ಒಂದೂವರೆ ತಿಂಗಳು ಎಲ್ಲಿಗಮ್ಮ ಹೋಗಿದ್ದೆ?"

"ಇಲಿ ಏನು ಹೇಳುತ್ತೋ ಅಂತ ಕಾಯ್ತಿದ್ದೆ ಸಾರ್."

ಡಾಕ್ಟರು ಇಲಿಮಾವನ ಕಡೆ ನೋಡಿದರು.

"ಹೇಳಿದ್ವು ಸಾರ್" ಅಂದ ಅವನು. "ಸೂಜಿ ಇವತ್ತಿಂದಲೇ ಶುರು ಮಾಡ್ಬಹುದಾ?"