ಮರಿಸ್ವಾಮಿ ಇಲ್ಲದ ಸೋಮವಾರ

ಪುಣೆಯ ಹಿಂಜವಾಡಿಯ ನಮ್ಮ ಆಫೀಸಿನಲ್ಲಿ ಮರಿಸ್ವಾಮಿ ತನ್ನ ಕುರ್ಚಿಯಲ್ಲಿ ಕೂತಿದ್ದನ್ನು ನೋಡಿದವರು ಕಡಿಮೆ. ಯಾವಾಗಲೂ ಇನ್ನೊಬ್ಬರ ಕುರ್ಚಿಯ ಹಿಂದೆ ನಿಂತಿರುತ್ತಿದ್ದ. ಕಾರಣ, ಅವನೇ ಬರೆದ ಒಂದು ಪುಟ್ಟ ಟೂಲ್. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಸಾಕು, ನಮ್ಮ ಕೋಡಿನ ತಪ್ಪುಗಳನ್ನೆಲ್ಲ ಹೆಕ್ಕಿ ರಿಪೋರ್ಟ್ ಕೊಡುತ್ತಿತ್ತು. ಆದರೆ ಸಲೀಸಾಗಿ ರನ್ ಆಗುತ್ತಿದ್ದುದು ಅವನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಒಬ್ಬರಲ್ಲಿ ಅದನ್ನು ನಡೆಸುವ ಪೈಥಾನ್ ಸಾಫ್ಟ್‌ವೇರ್ ಹಳೆಯದು, ಇನ್ನೊಬ್ಬರಲ್ಲಿ ತೀರಾ ಹೊಸದು, ಮತ್ತೊಬ್ಬರಲ್ಲಿ ಅದಕ್ಕೆ ಬೇಕಾದ ಸಿದ್ಧ ಕೋಡಿನ ಲೈಬ್ರರಿಯೇ ಇಲ್ಲ. ಇದನ್ನು ಸರಿಮಾಡಿದರೆ ಅವರ ಬೇರೆ ಕೆಲಸ ಕೆಡುತ್ತಿತ್ತು. ಕರೆದವರ ಬಳಿಗೆ ಮರಿಸ್ವಾಮಿ ಗೊಣಗುತ್ತಲೇ ಹೋಗುತ್ತಿದ್ದ. ಆ ಗೊಣಗಾಟದಲ್ಲಿ ಎಷ್ಟು ಖುಷಿ ಇತ್ತು ಅಂತ ಪಕ್ಕದಲ್ಲೇ ಕೂರುತ್ತಿದ್ದ ನನಗೆ ಗೊತ್ತು.

ಅಷ್ಟರಲ್ಲಿ ಅವನ ಮಗಳ ನಾಮಕರಣ ಬಂತು, ಮಂಡ್ಯದಲ್ಲಿ. ತನ್ನ ಮದುವೆಯ ದಿನ ಧಾರೆ ಮುಗಿಯುವ ಮುಂಚೆಯೇ ಫೋನ್ ಹಿಡಿದು ಯಾರಿಗೋ ಇನ್‌ಸ್ಟಾಲ್ ಮಾಡಿಸಿದ್ದ ಮಹಾನುಭಾವ ಇವನು. ಹೆಂಡತಿ ಹರ್ಷಿತಾ ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಮಗು ಕಿವೀಲಿ ಹೆಸರು ಹೇಳೋವಾಗ ಫೋನ್ ಬಂದ್ರೆ, ಅಲ್ಲಿಂದ್ಲೇ ಪುಣೆ ಬಸ್ ಹತ್ತಿಬಿಡಿ."

ಮರಿಸ್ವಾಮಿ ಹೆದರಿದ. ಟೂಲನ್ನು ಕಂಟೇನರ್‌ಗೆ ಹಾಕಲು ಕೂತ. ಅಂದರೆ ಟೂಲ್, ಅದಕ್ಕೆ ಒಗ್ಗುವ ಪೈಥಾನ್, ಲೈಬ್ರರಿಗಳು ಎಲ್ಲವೂ ಒಂದೇ ಕಟ್ಟಿನಲ್ಲಿ. ಬಿಬವೇವಾಡಿಯ ಶೆಟ್ಟರ ಹೋಟೆಲಿನ ಪಾರ್ಸೆಲ್‌ನಲ್ಲಿ ಇಡ್ಲಿಯ ಜೊತೆ ಚಟ್ನಿ ಸಾಂಬಾರೂ ಬರುತ್ತದಲ್ಲ, ಹಾಗೆ. ಮನೆಯಲ್ಲಿ ಏನಿದೆ, ಏನಿಲ್ಲ ಅಂತ ತಡಕಾಡಬೇಕಿಲ್ಲ.

ಮೊದಲ ಸಲ ಎಡವಟ್ಟಾಯಿತು. ನಮ್ಮ ಜೊತೆಗಿನ ಓಂಕಾರ್‌ನ ಲ್ಯಾಪ್‌ಟಾಪಿನಲ್ಲಿ ಟೂಲ್ ಚೆನ್ನಾಗಿಯೇ ರನ್ ಆಯಿತು, ರಿಪೋರ್ಟ್ ಮಾತ್ರ ನಾಪತ್ತೆ. ರಿಪೋರ್ಟ್ ಕಂಟೇನರಿನ ಒಳಗೇ ಬಿದ್ದು, ಕೆಲಸ ಮುಗಿದಾಗ ಕಂಟೇನರಿನ ಜೊತೆಗೇ ಅಳಿಸಿಹೋಗಿತ್ತು. ಹೊರಗಿನ ಫೋಲ್ಡರನ್ನು ಅದಕ್ಕೆ ಜೋಡಿಸಲು ಇವನು ಮರೆತಿದ್ದ. ತಲೆ ಚಚ್ಚಿಕೊಂಡು ಅದನ್ನೂ ಸರಿಮಾಡಿ ಊರಿಗೆ ಹೊರಟ.

ಸೋಮವಾರ ನಾಮಕರಣ. ಊಟದ ಹೊತ್ತು ಕಳೆದ ಮೇಲೆ ಅವನೇ ನನಗೆ ಫೋನ್ ಮಾಡಿದ. ಮಳೆ ಬಗ್ಗೆ ಕೇಳಿದ, ಟ್ರಾಫಿಕ್ ಬಗ್ಗೆ ಕೇಳಿದ, ಕೊನೆಗೆ ಟೂಲಿನ ಸುದ್ದಿಗೆ ಬಂದ. ಎಲ್ಲರದ್ದೂ ನಡೆಯುತ್ತಿದೆ, ಇವತ್ತೇ ಸೇರಿದ ಶಿವಾನಿ ಕೂಡ ತಾನೇ ಶುರುಮಾಡಿಕೊಂಡಳು ಅಂದೆ.

"ನನ್ನ ಯಾರೂ ಕೇಳ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. ಪಾಪ ಅನ್ನಿಸಿತು, ಆದರೂ ಬಾಯಿಗೆ ಬರಲಿಲ್ಲ.

"ಇಲ್ಲ ಕಣೋ."

ಆ ಕಡೆ ಹಿಂದೆಲ್ಲೋ ಮಗು ಕಿರುಚಿ ಅಳುತ್ತಿತ್ತು. ಹರ್ಷಿತಾಳ ದನಿ ಹತ್ತಿರ ಬಂತು: "ಯಾರೆತ್ಕೊಂಡ್ರೂ ಸುಮ್ನಾಗ್ತಿಲ್ಲಾರೀ, ನೀವೇ ಬನ್ನಿ."

ಮರಿಸ್ವಾಮಿ ಗೊಣಗುತ್ತಲೇ ಫೋನ್ ಇಟ್ಟ.