ಮುಳ್ಳು ಇಳಿದ ಮಂಗಳವಾರ

ಅವರ ಬಲಗೈ ತೋರುಬೆರಳಿನ ತುದಿ ಒಂದಿಷ್ಟು ಎಡಕ್ಕೆ ವಾಲಿತ್ತು. ಹುಡುಗರಾಗಿದ್ದಾಗ ಕುಂದಾಪುರದ ಹೊಳೆಯಲ್ಲಿ ಗಾಳದ ಕೊಕ್ಕೆ ಸಿಕ್ಕಿಕೊಂಡು ಸೀಳಿದ್ದಂತೆ. ಆ ಸೊಟ್ಟ ಬೆರಳಿನಿಂದಲೇ ಅವರು ಕೆಲಸದಲ್ಲಿದ್ದಷ್ಟು ವರ್ಷವೂ ರೋಗಿಗಳ ಎದೆ ತಟ್ಟಿ, ಕಫ ಎಲ್ಲಿ ಕಟ್ಟಿದೆ ಎಂದು ಕೇಳಿಸಿಕೊಂಡರು. ನಿವೃತ್ತರಾದ ಮೇಲೆ ಅದೇ ಬೆರಳಿನಿಂದ ದಿನಾ ಬೆಳಿಗ್ಗೆ ಮನೆಯ ಗೋಡೆಯ ಮೇಲಿನ ಬ್ಯಾರೋಮೀಟರಿನ ಗಾಜನ್ನು ಎರಡು ಸಲ ತಟ್ಟುತ್ತಿದ್ದರು. ಗಡಿಯಾರದಂತೆ ಗುಂಡಗಿದ್ದ ಹಿತ್ತಾಳೆಯ ಯಂತ್ರ ಅದು. ಗಾಳಿಯ ಒತ್ತಡ ಎಷ್ಟಿದೆ ಎಂದು ಒಂದು ಮುಳ್ಳು ತೋರಿಸುತ್ತದೆ. ತಟ್ಟಿದಾಗ ಮುಳ್ಳು ಕೂದಲೆಳೆಯಷ್ಟು ಅಲುಗುತ್ತಿತ್ತು. ಒತ್ತಡ ಇಳಿಯುವ ಕಡೆಗೆ ಜರುಗಿದರೆ ಅವರ ಮುಖ ಅರಳುತ್ತಿತ್ತು.

ನಾವು ಅವರನ್ನು ಡಾಕ್ಟರ್ ಅಂಕಲ್ ಎನ್ನುತ್ತಿದ್ದೆವು. ಅಮೆರಿಕದ ಕೊಲಂಬಿಯಾ ಎಂಬ ಊರಿನಲ್ಲಿ ನಮ್ಮ ಬಾಡಿಗೆ ಮನೆಯ ಎದುರು ಮನೆ ಅವರದು. ಹೆಂಡತಿ ತೀರಿಕೊಂಡಿದ್ದರು, ಒಬ್ಬನೇ ಮಗ, ಅವನೂ ಡಾಕ್ಟರ್, ದೂರದ ಡರ್ಹಮಿನಲ್ಲಿದ್ದ. ನಾವು ಮೈಸೂರಿನಿಂದ ಹೋದದ್ದು ತೊಂಬತ್ತರ ದಶಕದ ನಡುವೆ. ನನ್ನ ಯಜಮಾನರು ಕಂಪ್ಯೂಟರ್ ಕೆಲಸಕ್ಕೆಂದು ಸೋಮವಾರ ಅಟ್ಲಾಂಟಾಗೆ ಹಾರಿದರೆ ಶುಕ್ರವಾರ ಸಂಜೆ ಮನೆ ಸೇರುವವರು. ಐದು ದಿನ ನಾನು, ಐದು ವರ್ಷದ ಮಗಳು, ದೇವರ ಗೂಡು.

ಮಲಗುವ ಮುಂಚೆ ಆ ದಿನ ದೇವರು ಮಾಡಿದ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ಮೊದಲ ಎರಡು ವರ್ಷ ನೆನೆದದ್ದರಲ್ಲಿ ಅರ್ಧ ಅವರ ಕೈಯಿಂದ ಬಂದದ್ದು. ಮೊದಲ ಚಳಿಗಾಲದಲ್ಲಿ ಮಗಳಿಗೆ ಉಬ್ಬಸ ಬಂದಾಗ ಆಫೀಸಿನ ಇನ್ಶೂರೆನ್ಸ್ ಇನ್ನೂ ಶುರುವಾಗಿರಲಿಲ್ಲ. ಅವರು ಹಿಮದಲ್ಲಿ ಚಪ್ಪಲಿಯಲ್ಲೇ ರಸ್ತೆ ದಾಟಿ ಬಂದು, ಅವಳ ಬೆನ್ನು ತಟ್ಟಿ ನೋಡಿ, ಮದ್ದು ಕೊಟ್ಟು, ಉಸಿರು ಸರಿಹೋಗುವವರೆಗೂ ಕದಲಲಿಲ್ಲ. ನನಗೆ ಕಾರು ಕಲಿಸಿದವರೂ ಅವರೇ. ಭಾನುವಾರ ಸ್ಕೂಲಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಪಕ್ಕ ಕೂತು, "ಸ್ಟಿಯರಿಂಗ್ ಅಂದ್ರೆ ದೇವರ ಪಾದ ಅಲ್ಲ ಮಾರಾಯ್ತಿ, ಅಷ್ಟು ಗಟ್ಟಿ ಹಿಡ್ಕೋಬೇಡ" ಎನ್ನುತ್ತಿದ್ದರು.

ಅವರಿಗಿದ್ದ ಹುಚ್ಚು ಒಂದೇ, ಸಾಲ್ಮನ್. ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ, ನಮ್ಮಿಂದ ಆರು ಗಂಟೆ ದಾರಿ ದೂರದಲ್ಲಿ, ಶರತ್ಕಾಲದಲ್ಲಿ ಈ ಮೀನುಗಳು ದೊಡ್ಡ ಸರೋವರದಿಂದ ನದಿಗೆ ಏರಿ ಬರುತ್ತವೆ. ಸರಿಯಾಗಿ ನಮ್ಮ ಪಿತೃಪಕ್ಷ, ನವರಾತ್ರಿಯ ಹೊತ್ತಿಗೆ. ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತವೆ. "ನದಿಗೆ ಬಂದ ಮೇಲೆ ಅದು ತಿನ್ನೋದಿಲ್ಲ. ನಿನ್ನ ಹಾಗೇ ಉಪವಾಸ" ಎಂದು ನನ್ನನ್ನು ರೇಗಿಸುವರು. "ಹಸಿವಿಗೆ ಕಚ್ಚೋದಲ್ಲ, ಸಿಟ್ಟಿಗೆ ಕಚ್ಚುತ್ತೆ. ಸಿಟ್ಟು ಯಾವಾಗ ಬರುತ್ತೆ ಹೇಳು? ಮಳೆಗೆ ಮುಂಚೆ, ಪ್ರೆಶರ್ ಇಳಿಯೋವಾಗ. ಮಳೆ ನಿಂತು ಆಕಾಶ ಚೊಕ್ಕ ಆಯ್ತೋ, ಮುಳ್ಳು ಮೇಲೆ ಹೋಯ್ತೋ, ಮುಗೀತು. ತಳದಲ್ಲಿ ಕಲ್ಲಿನ ಹಾಗೆ ನಿಂತ್ಬಿಡುತ್ತೆ. ಮೂಗಿನ ಮುಂದೆ ಗಾಳ ಆಡಿಸಿದ್ರೂ ಬಾಯಿ ಬಿಡಲ್ಲ." ವಿಜ್ಞಾನಿಗಳು ಇದನ್ನೆಲ್ಲ ಒಪ್ಪುತ್ತಾರೋ ಇಲ್ಲವೋ ಎಂದು ಕೇಳಿದರೆ, "ಅವರು ಒಪ್ಪದಿದ್ರೆ ಬೇಡ, ಮೀನು ಒಪ್ಪಿದೆ" ಎಂದಿದ್ದರು.

ನಾನು ಮೀನು ಮುಟ್ಟುವವಳಲ್ಲ, ಅದು ಅವರಿಗೆ ಗೊತ್ತಿತ್ತು. ನದಿಯಿಂದ ಬಂದ ದಿನ ನಮ್ಮ ಬಾಗಿಲು ತಟ್ಟುತ್ತಿರಲಿಲ್ಲ. ನಿಂಬೆಹಣ್ಣಿನಿಂದ ಕೈ ತಿಕ್ಕಿ, ತಲೆಗೆ ಸ್ನಾನ ಮಾಡಿ, ಮಾರನೆಯ ದಿನ ಬರುವರು. ಹಾಗೆ ಮಾಡಿ ಎಂದು ನಾನು ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ನಾವು ಹೋದ ಎರಡನೆಯ ವರ್ಷ ಅವರ ಎಡಗಣ್ಣಿನ ದೃಷ್ಟಿ ಹೋಯಿತು. ಯಾರೂ ಹೇಳುವ ಮುಂಚೆಯೇ ಲೈಸೆನ್ಸ್ ಹಿಂತಿರುಗಿಸಿ, ಕಾರಿನ ಕೀ ನನ್ನ ಕೈಗಿಟ್ಟರು. "ನಿಂಗೆ ಕಲಿಸಿದ್ದು ಸಾರ್ಥಕ ಆಯ್ತು, ಇನ್ನು ನೀನೇ ನನ್ನ ಡ್ರೈವರ್." ತರಕಾರಿಗೆ, ಬ್ಯಾಂಕಿಗೆ, ಪಕ್ಕದ ಎಲಿಕಾಟ್ ಸಿಟಿಯ ಕನ್ನಡದವರ ಮನೆ ಪೂಜೆಗೆ ನಾನೇ ಕರೆದೊಯ್ಯುತ್ತಿದ್ದೆ. ಆ ಪೂಜೆಗಳಲ್ಲಿ ಊಟವಾದ ಮೇಲೆ ಸಾಲಾಗಿ ಅವರ ಮುಂದೆ ಕೂತು ಬಿಪಿ ನೋಡಿಸಿಕೊಳ್ಳುವವರು ಬೇಕಾದಷ್ಟು ಜನರಿದ್ದರು. ಆರು ಗಂಟೆ ದಾರಿ ಕರೆದೊಯ್ಯುತ್ತೇನೆ ಎನ್ನುವವರು ಒಬ್ಬರೂ ಇರಲಿಲ್ಲ. ಮೀನು ಹಿಡಿಯುವ ವಿಷಯ ತೆಗೆದರೆ ಪೂಜೆಯ ಮನೆಯಲ್ಲಿ ಎಲ್ಲರೂ ಮಾತು ಬದಲಿಸುತ್ತಿದ್ದರು.

ಆ ವರ್ಷದ ನವರಾತ್ರಿಗೆ ನಾನು ಅಖಂಡ ದೀಪದ ಹರಕೆ ಹೊತ್ತಿದ್ದೆ. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಎಲ್ಲೋ ಸಿಕ್ಕಿಕೊಂಡಿತ್ತು. ಕಲಶ ಇಟ್ಟ ದಿನ ಹಚ್ಚಿದ ದೀಪ ಒಂಬತ್ತು ದಿನ ಆರಬಾರದು. ಗಂಟೆಗಂಟೆಗೆ ನೋಡಿ ಎಣ್ಣೆ ಹೊಯ್ಯಬೇಕು, ಬತ್ತಿ ಮುಂದೆ ಮಾಡಬೇಕು. ಮನೆ ಬಿಟ್ಟು ಹೋಗುವಂತಿಲ್ಲ. ಮೂರನೆಯ ದಿನ, ಸೋಮವಾರ ಮಧ್ಯಾಹ್ನ, ಅಂಕಲ್ ಬಂದು ಹೊಸ್ತಿಲಾಚೆಯೇ ನಿಂತರು.

"ಮುಳ್ಳು ಬೀಳ್ತಾ ಇದೆ ಮಾರಾಯ್ತಿ. ಬೆಳಿಗ್ಗೆಯಿಂದ ನಿಂತಿಲ್ಲ. ನಾಳೆ ಸಂಜೆ ಅಲ್ಲಿ ಮಳೆ. ಅದಕ್ಕೆ ಮುಂಚೆ ನಾನು ನೀರಲ್ಲಿರ್ಬೇಕು. ಡ್ರೈವ್ ಮಾಡ್ತೀಯಾ?"

"ನಾಳೆನಾ ಅಂಕಲ್? ದೀಪ ಇಟ್ಟಿದ್ದೀನಲ್ಲ."

"ಗೊತ್ತು. ಅದಕ್ಕೇ ಈ ರಸ್ತೆ ದಾಟೋಕೆ ಎರಡು ಗಂಟೆ ತಗೊಂಡೆ."

"ನಿಮ್ಮ ಮಗನ್ನ ಕೇಳಿದ್ರಾ?"

"ಈ ವೀಕ್ ಆಗಲ್ಲ ಡ್ಯಾಡ್ ಅಂದ."

"ಇವರು ಅಟ್ಲಾಂಟಾದಲ್ಲಿದ್ದಾರೆ. ದಶಮಿ ಒಂದು ಮುಗೀಲಿ, ಆ ಶನಿವಾರ ಖಂಡಿತ ಕರ್ಕೊಂಡು ಹೋಗ್ತೀನಿ."

"ಮೀನಿಗೆ ಪಂಚಾಂಗ ಗೊತ್ತಿಲ್ಲ."

"ಮುಂದಿನ ವರ್ಷ ಬೇಕಾದ್ರೆ ಒಂದು ವಾರ ಇದ್ದು ಬರೋಣ."

"ಮುಂದಿನ ವರ್ಷ ನಾನಿರಲ್ಲ. ಮುದುಕ ಹೇಳ್ತಿರೋದಲ್ಲ ಇದು, ಡಾಕ್ಟರ್ ಹೇಳ್ತಿರೋದು. ಹಾರ್ಟ್ ಸೋತಿದೆ."

"ಬಿಡ್ತು ಅನ್ನಿ ಅಂಕಲ್, ಹಬ್ಬದ ದಿನ."

"ಬಿಡ್ತು" ಎಂದು ನಕ್ಕರು. ಅವರ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಒಳಕ್ಕೆ ಹೂತಿದ್ದನ್ನು ನಾನು ನೋಡಿದೆ. ನೋಡಿಯೂ, ಎಣ್ಣೆ ಹೊಯ್ಯುವ ಹೊತ್ತಾಯಿತು ಎಂದು ಒಳಗೆ ಹೋದೆ.

ಮಗಳನ್ನು ಗೆಳತಿಯ ಮನೆಯಲ್ಲಿ ಬಿಡಬಹುದಿತ್ತು. ದೀಪ ನೋಡಿಕೊಳ್ಳಲು ಆ ಗೆಳತಿಯನ್ನೇ ಬೇಡಬಹುದಿತ್ತು. ಅವಳು ಮಡಿಯಿಂದ ಮಾಡುತ್ತಾಳೋ ಇಲ್ಲವೋ ಎಂಬ ಅನುಮಾನಕ್ಕೆ ನಾನು ಕೇಳಲಿಲ್ಲ. ಮಂಗಳವಾರ ಇಡೀ ದಿನ ಅಡುಗೆಮನೆಯ ಕಿಟಕಿಯಿಂದ ಅವರು ಕಾಣುತ್ತಿದ್ದರು. ಹತ್ತಾರು ಜೇಬಿನ ಆ ಮೀನಿನ ಜಾಕೆಟ್ ತೊಟ್ಟು, ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಉತ್ತರದ ಆಕಾಶ ನೋಡುತ್ತಿದ್ದರು. ಸಂಜೆ ನಮ್ಮಲ್ಲೂ ಮೋಡ ಕವಿಯಿತು. ಮೊದಲ ಹನಿ ಬಿದ್ದಾಗ ಎದ್ದು ಒಳಗೆ ಹೋದರು.

ಕೊಟ್ಟ ಮಾತಿನಂತೆ ಹನ್ನೊಂದು ದಿನ ಕಳೆದು, ಶನಿವಾರ, ಯಜಮಾನರ ಹತ್ತಿರ ಮಗಳನ್ನು ಬಿಟ್ಟು ನಸುಕಿನಲ್ಲೇ ಹೊರಟೆವು. ದಾರಿಯುದ್ದಕ್ಕೂ ಒಳ್ಳೆಯ ಬಿಸಿಲು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಎಂಥ ಒಳ್ಳೆಯ ದಿನ ಕೊಟ್ಟಳು ತಾಯಿ ಎಂದು ನಾನು ಬಾಯಿಬಿಟ್ಟು ಹೇಳಿದೆ. "ಹೌದು, ಡ್ರೈವಿಂಗಿಗೆ ಒಳ್ಳೇ ದಿನ" ಎಂದರು, ಅಷ್ಟೆ.

ನದಿ ಕನ್ನಡಿಯಂತೆ ನಿಂತಿತ್ತು. ದಡದ ಕಲ್ಲುಗಳ ಸಂದಿಯಲ್ಲಿ ಸತ್ತ ಮೀನುಗಳು, ಚರ್ಮ ಬಿಳುಚಿಕೊಂಡು, ನಾರುತ್ತಿದ್ದವು. ನಾನು ಸೆರಗು ಮೂಗಿಗೆ ಹಿಡಿದು ಬಂಡೆಯ ಮೇಲೆ ಕೂತೆ. ಅಂಕಲ್ ಮೊಣಕಾಲುದ್ದ ನೀರಿಗಿಳಿದು, ಗಾಳ ಎಸೆದರು, ಎಳೆದರು, ಮತ್ತೆ ಎಸೆದರು. ಮಧ್ಯಾಹ್ನ ಎರಡರ ಹೊತ್ತಿಗೆ ಗಾಳ ದೂರ ಹೋಗದೆ ಹತ್ತಿರವೇ ಬೀಳತೊಡಗಿತು. ಅಷ್ಟರಲ್ಲಿ ಅಲ್ಲಿಯವನೊಬ್ಬ ಮುದುಕ ಗಾಳ ಮಡಚಿಕೊಂಡು ಬಂದವನು ಅವರ ಪಕ್ಕ ನಿಂತ. ಇಂಗ್ಲಿಷಿನಲ್ಲಿ ಅವನು ಹೇಳಿದ್ದು ಇಷ್ಟು: "ಹೋದ ವಾರ ಮಂಗಳವಾರ ಬರಬೇಕಿತ್ತು ಡಾಕ್. ಮಳೆಗೆ ಮುಂಚೆ ಹುಚ್ಚು ಹಿಡಿದ ಹಾಗೆ ಕಚ್ಚಿದವು. ಇಂಥ ಬಿಸಿಲಲ್ಲಿ ಯಾರು ಬರುತ್ತಾರೆ? ಈಗ ಉಳಿದಿರುವುದು ಸಾಯಲು ಕಾದಿರುವ ಮೀನು."

ಅಂಕಲ್ ನನ್ನ ಕಡೆ ತಿರುಗಲಿಲ್ಲ. ತಿರುಗಿದರೆ ಆ ಮಾತು ನನಗೂ ಕೇಳಿಸಿದ್ದು ಮುಖದಲ್ಲಿ ಕಾಣುತ್ತದಲ್ಲ, ಅದಕ್ಕೆ.

ವಾಪಸು ಬರುವಾಗ ನಾನೇ ಬಾಯಿಬಿಟ್ಟೆ. "ಸಿಗಲ್ಲ ಅಂತ ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

"ಮತ್ತೆ ಯಾಕೆ ಬಂದ್ರಿ?"

"ನೀನು ಮಾತು ಕೊಟ್ಟಿದ್ದೆ. ಬರದೇ ಇದ್ದಿದ್ರೆ ನಿನ್ನ ಮನಸ್ಸಲ್ಲಿ ಉಳ್ಕೊಂಡ್ಬಿಡ್ತಿತ್ತು."

ಈಗ ಉಳಿಯುವುದಿಲ್ಲವೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ತೇವದ ಬೂಟು ಬಿಚ್ಚಲೂ ತ್ರಾಣವಿರಲಿಲ್ಲ.

ಸಂಕ್ರಾಂತಿಯ ಮುಂಚಿನ ವಾರ ಅವರು ಹೋದರು. ನಿದ್ದೆಯಲ್ಲೇ ಹೋದದ್ದು, ಅದನ್ನೂ ದೇವರ ಉಪಕಾರವೆಂದೇ ನೆನೆಯುತ್ತೇನೆ. ಎರಡು ವರ್ಷ ಬಿಟ್ಟು ನಮಗೆ ಗ್ರೀನ್ ಕಾರ್ಡ್ ಬಂತು. ದೇವಿ ಕೊಟ್ಟಳೆಂದೇ ಇಂದಿಗೂ ನಂಬಿದ್ದೇನೆ. ಆದರೆ ಆ ಮಂಗಳವಾರ ದೀಪ ಆರಿದ್ದರೆ ಅವಳು ಕೊಡುತ್ತಿರಲಿಲ್ಲ ಎಂದು ಮಾತ್ರ ನಂಬುವುದಿಲ್ಲ. ಸೋಮವಾರ ಹೊಸ್ತಿಲಾಚೆ ನಿಂತು ಕೇಳಿದ್ದು ಯಾರು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅದನ್ನು ಬರೆಯುವುದಕ್ಕೂ ಭಯ.

ದಹನಕ್ಕೆ ಮುಂಚೆ ಅವರನ್ನು ಕೋಟು ತೊಡಿಸಿ ಮಲಗಿಸಿದ್ದ ಕೋಣೆಯಲ್ಲಿ ಕನ್ನಡದವರೆಲ್ಲ ಸೇರಿದ್ದರು. ಬಿಪಿ ನೋಡಿಸಿಕೊಂಡವರೆಲ್ಲ ಒಬ್ಬೊಬ್ಬರಾಗಿ ಅಂಕಲ್ಲಿನ ದೊಡ್ಡತನ ಹೇಳಿದರು. ಕೊನೆಗೆ ಮಗ ಎದ್ದು ನಿಂತ. ಅಲ್ಲೇ ಹುಟ್ಟಿ ಬೆಳೆದ ಹುಡುಗ, ನಮಗೋಸ್ಕರ ಕಷ್ಟಪಟ್ಟು ಕನ್ನಡದಲ್ಲಿ ಮಾತಾಡಿದ.

"ನಾನು ಅಪ್ಪನ್ನ ಫಿಶಿಂಗ್ ಕರ್ಕೊಂಡು ಹೋಗ್ಲಿಲ್ಲ. ಐ ವಾಸ್ ಬಿಜಿ. ಈ ಆಂಟಿ ಕರ್ಕೊಂಡು ಹೋದ್ರು. ಅಪ್ಪ ಫೋನಲ್ಲಿ ಹೇಳಿದ್ರು, ಎರಡು ಸಾಲ್ಮನ್ ಸಿಕ್ತು, ಬಿಟ್ಬಿಟ್ಟೆ, ಬೆಸ್ಟ್ ಡೇ ಅಂತ. ಥ್ಯಾಂಕ್ ಯೂ ಆಂಟಿ." ಆಮೇಲೆ ಚಿಕ್ಕ ಹುಡುಗನ ಹಾಗೆ ಕೇಳಿದ, "ದೊಡ್ಡದಿತ್ತಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಕೋಟಿನ ತೋಳಿನ ಕೆಳಗೆ ಅವರ ಕೈಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ನಾನು ಅವರ ಮುಖ ನೋಡದೆ ಹೇಳಿದೆ:

"ಹೌದಪ್ಪ. ತುಂಬ ದೊಡ್ಡವು."