ಗುಬ್ಬಿಯ ಅಳತೆ

"ಅಮ್ಮಾ, ಟೈಲರ್ ದೊಡ್ಡಮ್ಮ ಯಾಕೆ ಯಾವಾಗ್ಲೂ ನನ್ನ ಭುಜಾನೇ ನೋಡ್ತಾರೆ? ಮುಖ ನೋಡೋದೇ ಇಲ್ಲ."

ಸೋಮವಾರ ಶಾಲೆಯಿಂದ ಬಂದ ಮಗಳು ಶೂ ಬಿಚ್ಚುತ್ತಾ ಕೇಳಿದಳು. ನಾನು ಚಿಕ್ಕವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಾಲು ಉಕ್ಕದಂತೆ ಕಾಯುತ್ತಿದ್ದೆ. "ಟೈಲರ್ ಅಲ್ವಾ, ಎಲ್ಲರ ಭುಜಾನೂ ನೋಡ್ತಾರೆ" ಅಂದೆ.

"ತಮ್ಮಂದು ನೋಡಲ್ಲ. ನಂದು ಮಾತ್ರ."

ಒಂಬತ್ತು ವರ್ಷದವಳಿಗೆ ಟೋಪಿ ಹಾಕುವುದು ಇನ್ನು ಸುಲಭವಲ್ಲ. ಉತ್ತರ ನನಗೆ ಗೊತ್ತಿತ್ತು, ಆದರೆ ಈಗಲೇ ಅವಳಿಗೆ ಹೇಳುವಂಥದ್ದಲ್ಲ. ಇಲ್ಲಿ ಬರೆದಿಡುತ್ತೇನೆ, ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ಟೈಲರಮ್ಮನ ಕೋಣೆ ನಮ್ಮ ಮನೆಯ ಕೆಳಗೇ ಇದೆ. ಕಿಟಕಿಗೆ ಆನಿಸಿದ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಯ ಮೇಲೆ ಮರದ ಶಿಲುಬೆ, ಅದರ ಕೆಳಗೆ ಮೊಳೆಗೆ ನೇತುಹಾಕಿದ ಟೇಪು. ಬೆಳಿಗ್ಗೆ ನನ್ನ ಮಕ್ಕಳು ಏಳುವುದು ಆ ಯಂತ್ರದ ಸದ್ದಿಗೆ. ಮಾತು ಸೂಜಿಯಷ್ಟೇ ಚೂಪು. ಬೇಕರಿಯವನು ಪ್ಯಾಂಟು ತಂದು "ಬಟ್ಟೆ ಕುಗ್ಗಿಬಿಟ್ಟಿದೆ ನೋಡಿ" ಅಂದರೆ, "ಹೌದಣ್ಣ, ಪಾಪ, ಬೀರುವಿನಲ್ಲಿ ಒಂಟಿಯಾಗಿ ಕೂತು ಕೊರಗಿ ಕುಗ್ಗಿದೆ" ಅನ್ನುತ್ತಾರೆ. ಅವನು ನಗುತ್ತಲೇ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ.

ಮೊದಲು ಅವರು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಮದುವೆಯಾಗಿರಲಿಲ್ಲ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ವಯಸ್ಸು ಜಾರಿತ್ತು. ಪಕ್ಕದ ಯಂತ್ರದಲ್ಲಿ ಗುಂಡಿ ಹೊಲಿಯುತ್ತಿದ್ದ ಹುಡುಗಿಗೆ ಹೆರಿಗೆಯಾದ ತಿಂಗಳಿಗೇ ಎದೆಯ ಕಾಯಿಲೆ ಬಂತು. ಗಂಡ ಆಗಲೇ ಕೈಕೊಟ್ಟಿದ್ದ. ದೂರದ ಆಸ್ಪತ್ರೆಗೆ ಹೊರಡುವ ಮುಂಚೆ ಅವಳು ನಲವತ್ತು ದಿನದ ಮಗುವನ್ನು ಇವರ ಮಡಿಲಿಗೆ ಹಾಕಿ, "ಅಕ್ಕ, ನಾನು ಹುಷಾರಾಗೋವರೆಗೆ" ಅಂದಳಂತೆ. ಅಷ್ಟೇ ಮಾತು, ಕಾಗದವಿಲ್ಲ, ಸಾಕ್ಷಿಯಿಲ್ಲ. ಬಾಯಿ ತೆರೆದೇ ಇರುತ್ತಿದ್ದ ಆ ಮಗುವನ್ನು ಇವರು ಗುಬ್ಬಿ ಎಂದು ಕರೆದರು. ಮಗುವಿಗೋಸ್ಕರ ಕಾರ್ಖಾನೆ ಬಿಟ್ಟು ಮನೆಯಲ್ಲೇ ಹೊಲಿಯತೊಡಗಿದರು.

ಹುಷಾರಾಗುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕೂ ವರ್ಷ ಸಂಜೆ ದೀಪ ಹಾಕಿದ ಮೇಲೆ ಇವರು ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಪ್ರಾರ್ಥಿಸುತ್ತಿದ್ದರು: ಕರ್ತನೇ, ಇವಳ ತಾಯಿಯನ್ನು ಗುಣಮಾಡು. ಮಗು "ಅಮ್ಮಾ" ಎಂದು ಇವರನ್ನೇ ಕರೆಯಲು ಶುರುಮಾಡಿದ ಮೇಲೆ ಆ ಸಾಲು ಹೇಳುವುದು ಕಷ್ಟವಾಗತೊಡಗಿತು. ಒಂದು ವಾರ ಅದನ್ನು ನುಂಗಿಯೇಬಿಟ್ಟರು. ಎಂಟನೆಯ ದಿನ ಆಮೆನ್ ಹೇಳುವ ಮೊದಲೇ ಗುಬ್ಬಿ ಇವರ ಗಲ್ಲ ಹಿಡಿದು ತಿರುಗಿಸಿ, "ಅಮ್ಮಾ, ಆಸ್ಪತ್ರೆ ಅಮ್ಮನ್ನ ಮರ್ತುಬಿಟ್ಟೆ" ಅಂದಳು.

"ಅವತ್ತು ನಾಚಿಕೆಯಿಂದ ಭೂಮಿಗಿಳಿದು ಹೋದೆ" ಎಂದು ನನಗೆ ಹೇಳಿದ್ದರು. "ಆಮೇಲೆ ಒಂದು ದಿನಾನೂ ಬಿಡ್ಲಿಲ್ಲ. ಮನಸ್ಸಿಲ್ದಿದ್ರೂ ಹೇಳ್ದೆ."

ತಾಯಿ ಗುಣವಾಗಿ ಬಂದಳು. ಬಾಗಿಲಲ್ಲಿ ನಿಂತವಳಿಗೆ ಒಳಗೆ ಬರುವ ಧೈರ್ಯವಿರಲಿಲ್ಲ. ಮಗು ಇವರ ಸೆರಗಿನ ಹಿಂದೆ ಅಡಗಿತು. ಎದುರುಮನೆಯ ಗುಂಡಿ ಅಂಗಡಿಯಮ್ಮ, "ಕೊಡ್ಬೇಡಿ. ಹಾಲು ಕುಡಿಸಿದ್ದು ನೀವು, ಜ್ವರಕ್ಕೆ ಎದ್ದು ಕೂತಿದ್ದು ನೀವು. ಅವಳು ಯಾವ ಮುಖ ಇಟ್ಕೊಂಡು ಕೇಳ್ತಾಳೆ?" ಅಂದರು. ತಾಯಿಯೂ ಅತ್ತು, "ಬೇಕಾದ್ರೆ ನಾನು ವಾಪಸ್ ಹೋಗ್ತೀನಕ್ಕ" ಅಂದಳಂತೆ. ಇವರು ಮೂರು ದಿನ ಉಪವಾಸ ಕೂತರು. ನಾಲ್ಕನೆಯ ದಿನ ಮಗುವಿನ ಬಟ್ಟೆ ಮಡಿಸಿದರು.

"ಆ ತಾಯಿ ಜೀವಾನ ನಾನೇ ದೇವರ ಹತ್ರ ಬೇಡಿ ತಗೊಂಡಿದ್ದು. ಕೇಳಿದ್ದನ್ನ ಕೊಟ್ಟ ಮೇಲೆ ಯಾಕೆ ಕೊಟ್ಟೆ ಅಂತ ಜಗಳ ಆಡೋಕಾಗುತ್ತಾ?" ಅಂದಿದ್ದರು ನನ್ನ ಹತ್ತಿರ.

ತಾಯಿ ಮಗು ಇಬ್ಬರೂ ಒಂದು ಹಗಲಿನ ರೈಲು ದೂರದ ಊರಿಗೆ ಹೋದರು. ಆರು ತಿಂಗಳು ಕಾಗದ ನಡೆಯಿತು. ಆಮೇಲೆ ತಾಯಿ ಬರೆದಳು: ನಿಮ್ಮ ಕಾಗದ ಬಂದ ದಿನ ಇವಳು ಊಟ ಮುಟ್ಟೋದಿಲ್ಲ, ದಯವಿಟ್ಟು ಬರೆಯಬೇಡಿ. ಇವರು ಬರೆಯುವುದನ್ನು ನಿಲ್ಲಿಸಿದರು. ವರ್ಷಕ್ಕೊಂದು ಫ್ರಾಕು ಮಾತ್ರ ಹೊಲಿದು ಕಳಿಸುತ್ತಾರೆ, ಒಂದು ಅಕ್ಷರವೂ ಇಲ್ಲದೆ. ಮಗು ಎಷ್ಟು ಬೆಳೆದಿದೆಯೋ ಕಾಣದೆ, ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಸಿರುತ್ತಾರೆ, ಬೇಕಾದರೆ ಬಿಚ್ಚಿಕೊಳ್ಳಲಿ ಎಂದು. ಭುಜಕ್ಕೆ ಮಾತ್ರ ಹಾಗೆ ಮಾಡಲಾಗದು. ಭುಜ ತಪ್ಪಿದರೆ ಬಟ್ಟೆಯೇ ತಪ್ಪು. ನನ್ನ ಮಗಳು ಗುಬ್ಬಿಗಿಂತ ಎರಡು ವಾರ ದೊಡ್ಡವಳು.

ಈ ವರ್ಷದ್ದು ಐದನೆಯ ಫ್ರಾಕು. ನಿನ್ನೆ, ಗುರುವಾರ, ಅಂಚೆಯವನು ಆ ಪೊಟ್ಟಣವನ್ನು ವಾಪಸ್ ತಂದು ನನ್ನ ಕೈಗಿಟ್ಟ. ಮೇಲಿನ ವಿಳಾಸಕ್ಕೆ ಅಡ್ಡಗೆರೆ, ಪಕ್ಕದಲ್ಲಿ ಕೆಂಪು ಶಾಯಿ: ಮನೆ ಬಿಟ್ಟು ಹೋಗಿದ್ದಾರೆ, ವಿಳಾಸ ತಿಳಿದಿಲ್ಲ. ಮೆಟ್ಟಿಲಿಳಿಯುವಾಗ ಅದು ಕಲ್ಲಿನಷ್ಟು ಭಾರವಾಗಿತ್ತು.

ಟೈಲರಮ್ಮ ಓದಿದರು. ದಾರ ಕತ್ತರಿಸಿ ಫ್ರಾಕನ್ನು ಮೇಜಿನ ಮೇಲೆ ಹರಡಿ ಸುಕ್ಕು ನೀವಿದರು. ತಿಳಿನೀಲಿ, ಕತ್ತಿನ ಸುತ್ತ ಬಿಳಿ ಪಟ್ಟಿ. ಬಹಳ ಹೊತ್ತು ಕೈ ಅದರ ಮೇಲೆಯೇ ಇತ್ತು.

ನನಗೆ ತಡೆಯಲಾಗಲಿಲ್ಲ. "ಇನ್ನು ಸಾಕು ಬಿಡಿ, ಅಕ್ಕ. ಎಷ್ಟೂಂತ ಕೊರಗ್ತೀರ? ಬೇರೆ ಯಾವುದಾದ್ರೂ ಮಗೂಗೆ ಕೊಟ್ಟುಬಿಡಿ."

"ಬೈಬಲಿನಲ್ಲಿ, ದೇವರು ಕೇಳ್ದ ಅಂತ ಮಗನ್ನ ಬಲಿ ಕೊಡೋಕೆ ಬೆಟ್ಟ ಹತ್ತಿದ ಆ ಅಪ್ಪ ಇದಾನಲ್ಲ," ಅಂದರು, "ಕೊನೇ ಗಳಿಗೇಲಿ ದೇವರೇ ಬೇಡ ಅಂದ, ಅವನು ಮಗನ ಕೈ ಹಿಡ್ಕೊಂಡೇ ಕೆಳಗಿಳಿದ. ನಾನಿನ್ನೂ ಮೇಲೇ ಇದೀನಮ್ಮ."

"ದೇವರ ಮೇಲೆ ಬೇಜಾರಾಗಲ್ವಾ?"

"ಆಗುತ್ತೆ. ಮುಖಕ್ಕೇ ಹೇಳ್ತೀನಿ. ಬೈಯೋವಷ್ಟು ಸಲಿಗೆ ಇದೆ. ಮಾತು ಮಾತ್ರ ಬಿಟ್ಟಿಲ್ಲ." ಮೊಳೆಯಿಂದ ಟೇಪು ತೆಗೆದು ಕುತ್ತಿಗೆಗೆ ಹಾಕಿಕೊಂಡರು. "ನಾಲ್ಕು ವರ್ಷ ಆ ತಾಯಿನ ಉಳಿಸಿದವನಿಗೆ ಒಂದು ವಿಳಾಸ ಹುಡುಕೋದು ಕಷ್ಟಾನಾ? ವಿಳಾಸ ಅವನು ನೋಡ್ಕೊಳ್ಳಲಿ. ಅದು ಸಿಗೋ ಹೊತ್ತಿಗೆ ಬಟ್ಟೆ ಚಿಕ್ಕದಾಗಿದ್ರೆ ತಪ್ಪು ನಂದಾಗುತ್ತೆ."

ನಾನು ಹೊರಡಲು ಎದ್ದಾಗ ಕಿಟಕಿಯತ್ತ ತಿರುಗಿಕೊಂಡೇ ಹೇಳಿದರು.

"ಒಂದು ಉಪಕಾರ ಮಾಡ್ತೀರಾ? ನಾಳೆ ಶಾಲೆ ಬಿಟ್ಟ ಮೇಲೆ ಮಗಳನ್ನ ಐದು ನಿಮಿಷ ಕಳಿಸಿ. ಇದನ್ನ ಹಾಕಿ ನೋಡ್ಬೇಕು. ಕೊಡೋಕಲ್ಲ, ತಪ್ಪು ತಿಳ್ಕೋಬೇಡಿ. ಭುಜ ಎಲ್ಲಿ ಹಿಡಿಯುತ್ತೆ ಅಂತ ನೋಡಿ ಬಿಚ್ಚಿ ಇಟ್ಕೋತೀನಿ. ಅವಳಿಗೆ ಬೇರೆ ಹೊಲಿದು ಕೊಡ್ತೀನಿ."

ಆಗಲಿ ಅಂದೆ.

"ಇನ್ನೊಂದು." ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಅಳತೆ ತಗೋವಾಗ ಬಾಯಿತಪ್ಪಿ ಗುಬ್ಬೀ ಅಂದುಬಿಟ್ರೆ, ತಿದ್ದಬೇಡ ಅಂತ ಅವಳಿಗೆ ಹೇಳಿರಿ. ಒಂದ್ಸಲ ಓ ಅಂದ್ರೆ ಸಾಕು."